ಶಹಾಬಜಾರದಲ್ಲಿ ‘ನಾ’ ಅಂದರೆ

ಕಮಲಾಪುರದಿಂದ ಬಂದ ಮರುದಿನ ಬೆಳಗ್ಗೆ ನಾನು ಓಣಿಯ ಬಾವಿಗೆ ಹೋಗಿ ನೀರು ತಂದೆ. ಹೋಗುವಾಗ ತೆರೆದಿದ್ದ ದೊಡ್ಡ ಬಾಗಿಲು ಬರುವಷ್ಟರಲ್ಲಿ ಮುಚ್ಚಿತ್ತು. ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಚಿಲಕ ಬಡಿದೆ. ಒಳಗಿನಿಂದ ವಯಸ್ಸಾದ ಹೆಂಗಸಿನ ದನಿ ಬಂತು: “ಕೌನ್ ಹೈ?”

ನನಗೆ ಉರ್ದು ಬರುತ್ತಿರಲಿಲ್ಲ. ಆದರೆ ಮುಚ್ಚಿದ ಬಾಗಿಲ ಹಿಂದಿನಿಂದ ಯಾವ ಊರಲ್ಲಾದರೂ ಕೇಳುವುದು ಒಂದೇ ಪ್ರಶ್ನೆ. “ನಾ,” ಅಂದೆ.

ಮತ್ತೆ “ಕೌನ್?” ಅಂದರು. ನಾನೂ ಮತ್ತೆ “ನಾ” ಅಂದೆ. ಚಪ್ಪಲಿಯ ಸಪ್ಪಳ ಅಂಗಳ ದಾಟಿ ದೂರವಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಕಮಲಾಪುರದಲ್ಲಿ ಈ ಒಂದಕ್ಷರ ಸಾಕಾಗಿತ್ತು. ಸಂಜೆ ಯಾರ ಮನೆಯ ಮುಂದೆ ನಿಂತು ‘ನಾ’ ಅಂದರೂ ಒಳಗಿದ್ದವರು ದನಿಯಿಂದಲೇ ಗುರುತು ಹಿಡಿದು, ಬಾ ಒಳಗ, ಮಜ್ಜಿಗಿ ಕುಡೀತೀ ಏನು ಅನ್ನುತ್ತಿದ್ದರು. ಇಲ್ಲಿ ಅದೇ ಅಕ್ಷರ ಹೇಳಿ ನಾನು ತುಂಬಿದ ಕೊಡ ಇಳಿಸಿ ಕಟ್ಟೆಯ ಮೇಲೆ ಕುಳಿತೆ. ನಿಮ್ಮ ಮುತ್ಯಾ, ನನ್ನ ಯಜಮಾನರು, ಮಧ್ಯಾಹ್ನ ಊಟಕ್ಕೆ ಬರುವವರೆಗೆ ಅಲ್ಲೇ ಇದ್ದೆ. ಓಣಿಯಲ್ಲಿ ಹಾದುಹೋಗುವವರೆಲ್ಲ ಒಮ್ಮೆ ನನ್ನನ್ನು, ಒಮ್ಮೆ ಕೊಡವನ್ನು ನೋಡಿ ಹೋದರು.

ಮೊಮ್ಮಕ್ಕಳೇ, ಆಯಿ ಹಳ್ಳಿಯಿಂದ ಗುಲ್ಬರ್ಗಾಕ್ಕೆ ಹೇಗೆ ಬಂದಳು, ಹೇಗೆ ಉಳಿದಳು ಎಂದು ನೀವು ಕೇಳುತ್ತಲೇ ಇದ್ದೀರಿ. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಆ ಬಾಗಿಲ ಹಿಂದೆ ಇದ್ದವರ ಹೆಸರು ನಾನೆಂದೂ ಹಿಡಿಯಲಿಲ್ಲ, ಬಡೀಬಿ ಎಂದೇ ಕರೆದೆ. ಬಡೀ ಬೀ ಅಂದರೆ ದೊಡ್ಡಮ್ಮ ಎಂದ ಹಾಗೆ. ಅವರು ಆ ಮನೆ ಬಿಟ್ಟು ಹೋಗಬಾರದು ಎಂದು ನಾನು ಆಸೆಪಟ್ಟಷ್ಟು ಜೀವನದಲ್ಲಿ ಬೇರೆ ಯಾವುದಕ್ಕೂ ಪಟ್ಟಿಲ್ಲ. ಈ ಕಥೆ ಅದರದ್ದೇ.

ಈಗ ನೀವು ಬಸ್ಸು ಹತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಮಲಾಪುರ ಬರುತ್ತದೆ. ಆಗ ಬಂಡಿಯಲ್ಲಿ ನಸುಕಿಗೆ ಹೊರಟರೆ ಕೋಟೆಯ ಗೋಡೆ ಕಾಣುವಾಗ ದೀಪ ಹಚ್ಚುವ ಹೊತ್ತು. ದಾರಿಯುದ್ದಕ್ಕೂ ಕೆಂಪು ಮಣ್ಣು ಕರಗಿ ಕರಗಿ ಕಪ್ಪಾಗುತ್ತ ಬಂದದ್ದು ನನಗೆ ಇನ್ನೂ ಕನಸಿನಲ್ಲಿ ಬೀಳುತ್ತದೆ. ನಮ್ಮೂರು ಇಳಿಜಾರಿನದು. ಹಳ್ಳ, ಬಾಳೆಯ ತೋಟ, ಕೆಂಪು ಸಿಪ್ಪೆಯ ಗೊನೆಗಳು. ಇಲ್ಲಿ ನೆಲವೂ ಫರಸಿ ಕಲ್ಲು, ಮಾಳಿಗೆಯೂ ಫರಸಿ ಕಲ್ಲು. ಬೇಸಿಗೆಯಲ್ಲಿ ರಾತ್ರಿಯಾದರೂ ಗೋಡೆ ಮುಟ್ಟಿದರೆ ಹಂಚಿನ ಮೇಲೆ ಕೈಯಿಟ್ಟ ಹಾಗೆ. ಅಲ್ಲಿ ಮನೆಯಿಂದ ಹೊರಬಂದರೆ ಆಕಾಶ. ಶಹಾಬಜಾರದಲ್ಲಿ ಮನೆಯಿಂದ ಹೊರಬಂದರೆ ಎದುರಿನ ಮನೆ.

ನಿಮ್ಮ ಮುತ್ಯಾ ಗಂಜಿನ, ಅಂದರೆ ಕಾಳಿನ ಪೇಟೆಯ, ಅಡತಿ ಅಂಗಡಿಯಲ್ಲಿ ತೊಗರಿ ತೂಗಿಸುವ ಕೆಲಸಕ್ಕೆ ಸೇರಿದ್ದರು. ನಿಜಾಮರ ರಾಜ್ಯ ಇನ್ನೂ ಇತ್ತು. ಅಂಗಡಿಯ ಬೋರ್ಡು, ಚಾವಡಿಯ ಕಾಗದ, ಎಲ್ಲವೂ ಬಲದಿಂದ ಎಡಕ್ಕೆ ಓಡುವ ಅಕ್ಷರ. ನಾನು ಊರಿನ ಹನುಮಪ್ಪನ ಗುಡಿಕಟ್ಟೆಯ ಮೇಲೆ ಪಂತೋಜಿಯ ಹತ್ತಿರ ನಾಲ್ಕು ಪುಸ್ತಕ ಓದಿದ್ದವಳು. ಓದು ಬರುತ್ತದೆ ಎಂದು ನನಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯಿತ್ತು. ಇಲ್ಲಿ ಬಂದ ದಿನವೇ ಕುರುಡಿಯಾದೆ.

ಮನೆ ಬಡೀಬಿಯದು. ಮುಂದಿನ ಎರಡು ಕೋಣೆಯಲ್ಲಿ ಅವರು ಒಬ್ಬರೇ. ಗಂಡ ತೀರಿಹೋಗಿದ್ದರು, ಒಬ್ಬನೇ ಮಗ ಹೈದರಾಬಾದಿನ ಕಚೇರಿಯಲ್ಲಿದ್ದ. ಅಂಗಳದ ಆಚೆ ಎರಡು ಕೋಣೆ ಬಾಡಿಗೆಗೆ. ಒಂದರಲ್ಲಿ ನಾವು. ಇನ್ನೊಂದರಲ್ಲಿ ತಾಂಡೂರಿನ ಕಡೆಯ ರಾಮುಲಮ್ಮ. ಅವಳ ಗಂಡ ರೈಲಿನ ಹಳಿ ನೋಡುವ ಗ್ಯಾಂಗಿನವನು, ಮನೆಯಲ್ಲಿ ಇದ್ದದ್ದೇ ಕಡಿಮೆ. ಅವಳದು ತೆಲುಗು, ಬಡೀಬಿಯದು ಉರ್ದು, ನನ್ನದು ಕನ್ನಡ. ಅಂಗಳ ಒಂದೇ.

ಮೊದಲ ದಿನ ಬಾಗಿಲು ತೆರೆಯದ ಕಥೆಯನ್ನು ಹೇಳಿದಾಗ ನಿಮ್ಮ ಮುತ್ಯಾ ನಕ್ಕರು. ನಾನೇನು ಅಂದೆ ಎಂದು ಅವರು ಕೇಳಲೇ ಇಲ್ಲ. “ನಿನ್ನ ದನಿ ನಿನಗೇ ಕೇಳಂಗಿಲ್ಲ. ಪಾಪ, ಆ ಮುದುಕಿಗೆ ಹ್ಯಾಂಗ ಕೇಳಬೇಕು? ಜರಾ ಗಟ್ಟಿ ಅನ್ನು,” ಅಂದರು.

ಅಂದಿನಿಂದ ನಾನು ಗಟ್ಟಿಯಾಗಿ ಅನ್ನತೊಡಗಿದೆ.

ಬಡೀಬಿ ಸಂಜೆಯ ಹೊತ್ತು ಚಹಾಕ್ಕೆ ಇಟ್ಟು, ಅಂಗಳದ ಕಡೆ ಮುಖ ಮಾಡಿ, ಕೌನ್ ಪೀತೇ ಎಂದು ಕೇಳುವರು. ‘ಕೌನ್’ ಅಂದರೆ ಯಾರು ಎಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಕೈಯಲ್ಲಿ ಕಪ್ಪು ಇದೆ, ಬೆಲ್ಲ ಕರಗಿದ ವಾಸನೆ ಬರುತ್ತಿದೆ, ಯಾರಿಗೆ ಬೇಕು ಎಂದು ಕೇಳುತ್ತಿದ್ದಾರೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ನಾನು ಬಾಗಿಲ ಮರೆಯಿಂದ ಇದ್ದ ಧೈರ್ಯವನ್ನೆಲ್ಲ ಕೂಡಿಸಿ “ನಾ!” ಅನ್ನುತ್ತಿದ್ದೆ. ಬಡೀಬಿ ತಲೆಯಾಡಿಸಿ ರಾಮುಲಮ್ಮನಿಗೆ ಮಾತ್ರ ಕೊಟ್ಟು ಒಳಗೆ ಹೋಗುತ್ತಿದ್ದರು.

ಈ ಊರಲ್ಲಿ ಕೇಳುತ್ತಾರೆ, ಆದರೆ ಕೊಡುವುದಿಲ್ಲ ಎಂದು ನಾನು ತಿಳಿದೆ. ಕಮಲಾಪುರದಲ್ಲಿ ಕೇಳದೆಯೇ ಕೊಡುತ್ತಿದ್ದರು.

ಈದ್ ಹಬ್ಬದ ದಿನವಂತೂ ಬಡೀಬಿ ತಾವೇ ನಮ್ಮ ಬಾಗಿಲಿಗೆ ಬಂದರು. ಹಾಲಿನಲ್ಲಿ ಶಾವಿಗೆ, ಖಾರೀಕು ಅಂದರೆ ಉತ್ತತ್ತಿ ಹಾಕಿದ ಬಟ್ಟಲು ಕೈಯಲ್ಲಿತ್ತು. ಯಾರಿಗೆ ಎಂಬಂತೆ ಏನೋ ಕೇಳಿದರು. ನಾನು ಕಣ್ಣು ಕೆಳಗೆ ಮಾಡಿ “ನಾ” ಅಂದೆ. ಅವರು ನಿಂತೇ ಇದ್ದರು. ಬಟ್ಟಲು ನನ್ನ ಕಡೆ ಬರಲಿಲ್ಲ. ತಲೆ ಎತ್ತಿದಾಗ ಅವರ ಮುಖ ಸಣ್ಣಗಾಗಿತ್ತು. ಹಾಗೇ ತಿರುಗಿ ಹೋದರು. ನಾವು ಲಿಂಗಾಯತರು, ಅವರ ಕೈಯದು ಉಣ್ಣುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆನೆಂದು ಅವರು ತಿಳಿದಿದ್ದರಂತೆ. ಉಣ್ಣುತ್ತಿದ್ದೆನೋ ಇಲ್ಲವೋ, ಆ ದಿನದ ನನ್ನನ್ನು ಈಗ ಕೇಳಿದರೆ ಹೇಳಲಾರೆ. ಆದರೆ ನಾನು ‘ಒಲ್ಲೆ’ ಅಂದಿರಲಿಲ್ಲ.

ಇದರ ಗಂಟು ಬಿಚ್ಚಿದ್ದು ರಾಮುಲಮ್ಮನ ಜೊತೆ ಕೊಡದ ಜಗಳದಲ್ಲಿ. ಬಾವಿಕಟ್ಟೆಯ ಮೇಲೆ ನಾಲ್ಕೈದು ಕೊಡ ಇದ್ದವು, ಎಲ್ಲವೂ ಹಿತ್ತಾಳೆಯವು, ಎಲ್ಲವೂ ಒಂದೇ ಥರ. ನಾನು ಒಂದನ್ನು ಎತ್ತಿದೆ. ಅವಳು ಓಡಿ ಬಂದು ಅದರ ಕಂಠ ಹಿಡಿದಳು.

“ಅದಿ ನಾ ಬಿಂದೆ,” ಅಂದಳು.

ನಾ ಬಿಂದೆ. ನನ್ನ ಕಿವಿಗೆ ಅದು ‘ನಾನು ಕೊಡ’ ಎಂದು ಕೇಳಿತು. ನಾನೂ ಕೊಡ ಬಿಡದೆ, ನಾ ತಂದೀನಿ, ನಾ ತಂದೀನಿ ಅಂದೆ. ಜಗಳದ ಬಿಸಿಯಲ್ಲಿ ಅವಳಿಗೆ ಅದು ‘ನನ್ನದು, ನನ್ನದು’ ಎಂದು ಕೇಳಿತು. ಹೀಗೆ ಇಬ್ಬರೂ ಒಂದೇ ಅಕ್ಷರ ಹಿಡಿದು ಎಳೆದಾಡುತ್ತಿರುವಾಗ ಸಪ್ಪಳ ಕೇಳಿ ಬಡೀಬಿ ಪರದೆ ಸರಿಸಿ ದೊಡ್ಡ ಬಾಗಿಲಿಗೆ ಬಂದರು. ಅವರಿಗೆ ಕೇಳಿದ್ದು ಬೇರೆಯೇ. ಇಬ್ಬರೂ ಬೇಡ, ಬೇಡ ಅನ್ನುತ್ತಿದ್ದಾರೆ, ಆದರೆ ಇಬ್ಬರೂ ಕೊಡ ಬಿಡುತ್ತಿಲ್ಲ.

“ನಾ ಬೋಲ್ತೀಂ, ಫಿರ್ ಕಾಯ್ಕು ಖೀಂಚ್ತೀಂ?” ಅಂದರು. ಬೇಡ ಅನ್ನುತ್ತೀರಿ, ಮತ್ತೆ ಯಾಕೆ ಎಳೀತೀರಿ?

ರಾಮುಲಮ್ಮ ಕೊಡ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ಗ್ಯಾಂಗಿನ ಸಂಸಾರದಲ್ಲಿ ಊರೂರು ಸುತ್ತಿದವಳು, ಅವಳಿಗೆ ಮೂರೂ ಮಾತು ಅಷ್ಟಿಷ್ಟು ಬರುತ್ತಿದ್ದವು. ನಕ್ಕು ನಕ್ಕು ಬಾವಿಕಟ್ಟೆಯ ಮೇಲೆ ಕುಳಿತೇಬಿಟ್ಟಳು. ಆಮೇಲೆ ನನ್ನ ಎದೆ ಮುಟ್ಟಿ, ತನ್ನ ಎದೆ ಮುಟ್ಟಿ, ಕೊಡ ಮುಟ್ಟಿ, ಕೈ ಅಲ್ಲಾಡಿಸಿ ನನಗೆ ಅರ್ಥ ಮಾಡಿಸಿದಳು. ನಿನ್ನ ಮಾತಿನಲ್ಲಿ ‘ನಾ’ ಅಂದರೆ ನೀನು. ನನ್ನ ಮಾತಿನಲ್ಲಿ ‘ನಾ’ ಅಂದರೆ ನನ್ನದು. ಬಡೀಬಿಯ ಮಾತಿನಲ್ಲಿ ‘ನಾ’ ಅಂದರೆ ಬೇಡ, ಇಲ್ಲ. “ಎಷ್ಟು ತಿಂಗಳಿಂದ ನೀ ಆಕೀಗಿ ಒಲ್ಲೆ ಒಲ್ಲೆ ಅನ್ಲಿಕತ್ತಿ, ಗೊತ್ತದ ಏನು?” ಅಂದಳು.

ಬಾಗಿಲು, ಚಹಾ, ಬಟ್ಟಲು, ಒಂದೊಂದೇ ನೆನಪಾದವು. ರಾಮುಲಮ್ಮ ಬಡೀಬಿಗೂ ಅದನ್ನೇ ಉರ್ದುವಿನಲ್ಲಿ ಹೇಳಿದಳು. ಬಡೀಬಿ ಒಳಗೆ ಹೋಗಿ ಚಹಾ ತಂದರು. ಈ ಸಲ ಯಾರಿಗೆ ಎಂದು ಕೇಳಲಿಲ್ಲ. ಕಪ್ಪನ್ನು ನನ್ನ ಕೈಯಲ್ಲಿಟ್ಟು, ನಾನು ಕುಡಿಯುವುದನ್ನು ನೋಡುತ್ತ ಎದುರಿಗೇ ನಿಂತರು. ನಾನು ಕುಡಿದೆ. ಬೆಲ್ಲ ಹೆಚ್ಚಾಗಿತ್ತು.

ಆಮೇಲಿನ ದಿನಗಳನ್ನು ನೆನೆದರೆ ನಿದ್ದೆಯಲ್ಲಿ ನಡೆದ ಹಾಗಿದೆ. ಮಧ್ಯಾಹ್ನ ಗಂಡಸರು ಯಾರೂ ಇಲ್ಲದ ಹೊತ್ತು, ಅಂಗಳದ ಬೇವಿನ ನೆರಳಿಗೆ ಬಡೀಬಿಯ ಬಾಜು, ಅಂದರೆ ಹಗ್ಗದ ಹೊರಸು, ಎಳೆದುಕೊಂಡು ಮೂವರೂ ಅಡ್ಡಾಗುತ್ತಿದ್ದೆವು. ಕಣ್ಣು ಮುಚ್ಚಿದರೆ ಎರಡು ದನಿ ಎರಡು ಮಾತಿನಲ್ಲಿ ತೇಲಿ ಬರುತ್ತಿದ್ದವು. ಅರ್ಥ ತಿಳಿಯುವ ಮೊದಲು ಸದ್ದಷ್ಟೇ ಬರುವ ಒಂದು ಗಳಿಗೆ ಇರುತ್ತದಲ್ಲ, ಅದು ನನಗೆ ಬಹಳ ಇಷ್ಟವಾಗಿತ್ತು. ಆ ಗಳಿಗೆಯಲ್ಲಿ ‘ನಾ’ ಯಾರದೂ ಆಗಿರಲಿಲ್ಲ. ಒಂದು ಸಲ ಸೋಲಾಪುರದ ಕಡೆಯ ಬಳೆಗಾರತಿ ಬಂದು ನನ್ನ ಕೈ ಹಿಡಿದು “ಘ್ಯಾ ನಾ, ಬಾಯಿ” ಅಂದಳು. ಅವಳ ಮರಾಠಿಯಲ್ಲಿ ‘ನಾ’ ಅಂದರೆ ನಾನೂ ಅಲ್ಲ, ನನ್ನದೂ ಅಲ್ಲ, ಬೇಡವೂ ಅಲ್ಲ. ತಗೋಳವ್ವ ಎಂದು ಗಲ್ಲ ಹಿಡಿದು ಕೇಳುವ ಮುದ್ದು ಅದು. ಇಷ್ಟು ಚಿಕ್ಕ ಮಾತಿನ ಹೊಟ್ಟೆಯಲ್ಲಿ ಇನ್ನೂ ಏನೇನಿದೆಯೋ ಎಂದು ನಾನು ಸಂಜೆಯವರೆಗೂ ಅದನ್ನೇ ಬಾಯಲ್ಲಿ ಹೊರಳಿಸುತ್ತಿದ್ದೆ.

ಬೇರೆ ಮಾತುಗಳೂ ಹಾಗೇ ಆಟವಾಡುತ್ತಿದ್ದವು. ನಾನು ಊರಿನಿಂದ ಬಾಳೆಹಣ್ಣು ತಂದಾಗ ಬಡೀಬಿ, ಮೌಜ್ ತಂದೆಯಾ ಎಂದು ಕೇಳಿದರು. ಅವರಲ್ಲಿ ಬಾಳೆಹಣ್ಣಿಗೆ ಮೌಜ್ ಅನ್ನುತ್ತಾರೆ. ನಮ್ಮಲ್ಲಿ ಮೌಜು ಅಂದರೆ ಖುಷಿ. ತಂದೀನ್ರಿ ಅಂದೆ, ಎರಡಕ್ಕೂ ಸೇರಿಸಿ. ಕೆಂಪು ಸಿಪ್ಪೆ ಸುಲಿದು ಒಳಗೆ ಬಿಳುಪು ಕಂಡು ಅವರು ಮಗುವಿನ ಹಾಗೆ ನಕ್ಕರು.

ನಾನು ಅವರಿಗೆ ಕನ್ನಡ ಕಲಿಸಲಿಲ್ಲ, ಅವರು ನನಗೆ ಉರ್ದು ಕಲಿಸಲಿಲ್ಲ. ಒಲೆಗೆ ಉರಿ ಹಾಕುವಾಗ, ಅಕ್ಕಿ ಆರಿಸುವಾಗ ಅದು ಅಂಟಿತು. ‘ನಾನು’ ಅನ್ನುವುದಕ್ಕೆ ‘ಮೈಂ’ ಅನ್ನಬೇಕೆಂದು ತಿಳಿಯಿತು. ತಿಳಿಯಿತೇ ಹೊರತು ಬಾಯಿಂದ ಹೊರಡುತ್ತಿರಲಿಲ್ಲ. ನನಗೆ ಯಾವ ಭಾಷೆಯಲ್ಲೂ ‘ನಾನು’ ಅನ್ನುವುದು ಕಷ್ಟ. ಅದಕ್ಕೇ ಅದನ್ನು ಆದಷ್ಟು ಚಿಕ್ಕದಾಗಿ ‘ನಾ’ ಅನ್ನುತ್ತಿದ್ದೆನೋ ಏನೋ.

ಊರಿಗೆ ಹೋದಾಗ ನನ್ನ ತಮ್ಮನ ಹೆಂಡತಿ ಚೇಷ್ಟೆ ಮಾಡುವಳು. ಯಾಕ ಅನ್ನುವ ಕಡೆ ನಾನು ‘ಕಾಯ್ಕು’ ಅಂದೆನಂತೆ. “ಅಕ್ಕ ಈಗ ಬೇಗಂ ಆಗ್ಯಾಳ್ರೀ. ಪರದಾ ಕಟ್ಟಬೇಕೇನ್ರಿ, ಅಡಗೀಮನ್ಯಾಗ?” ಅನ್ನುವಳು. ಎಲ್ಲರೂ ನಗುವರು, ನಾನೂ ನಗುತ್ತಿದ್ದೆ. ಆದರೆ ಎರಡು ದಿನವಾದ ಮೇಲೆ ಅಲ್ಲಿನ ಮಾತಿನ ನಡುವೆ ಏನೋ ಒಂದು ಕಡಿಮೆ ಅನ್ನಿಸತೊಡಗುತ್ತಿತ್ತು. ಎಲ್ಲರಿಗೂ ಎಲ್ಲವೂ ಒಂದೇ ಸಲಕ್ಕೆ ತಿಳಿದುಬಿಡುತ್ತಿತ್ತು, ಅದೇ ಇರಬೇಕು.

ಆಮೇಲೆ ಗದ್ದಲದ ಕಾಲ ಬಂತು, ನಿಜಾಮರ ಕಡೆಯ ಪುಂಡರು ನಮ್ಮಂಥವರ ಮನೆಗೆ ನುಗ್ಗುತ್ತಿದ್ದರು. ಅದನ್ನು ನಾನು ಹೆಚ್ಚು ಬರೆಯುವುದಿಲ್ಲ, ಬಲ್ಲವರು ಬರೆದಿದ್ದಾರೆ. ಹಳ್ಳಿಹಳ್ಳಿಗಳಿಂದ ಸಂಸಾರಗಳು ಗಡಿ ದಾಟಿ ಸೋಲಾಪುರದ ಕಡೆ ಹೋದವು. ನನ್ನ ತಂದೆ ಆಳು ಕಳಿಸಿ, ಮಗಳನ್ನು ಕರಕೊಂಡು ಬಾ ಅಂದರು. ದಾರಿಯೇ ಭಯದ್ದಾಗಿತ್ತು, ನಿಮ್ಮ ಮುತ್ಯಾ ಕಳಿಸಲಿಲ್ಲ. ಬಡೀಬಿ ತಮ್ಮ ಬಾಜನ್ನು ದೊಡ್ಡ ಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೇ ಮಲಗತೊಡಗಿದರು. ನಾನು ಹೋಗಿ ಒಳಗೆ ಬನ್ನಿ ಎಂದು ಕೈಯಿಂದ ಕರೆದರೆ, ಸೆಕೆ ಎಂದು ಬೀಸಣಿಗೆ ತೋರಿಸುವರು. ಸೆಕೆ ಹೋಗಿ ಮಳೆಗಾಲ ಬಂದರೂ ಅವರು ಅಲ್ಲೇ ಮಲಗಿದರು. ಆ ಬಾಜು ಅಡ್ಡ ಇದ್ದಷ್ಟು ದಿನ ನಮ್ಮನ್ನು ಕೇಳಿಕೊಂಡು ಯಾರೂ ಒಳಗೆ ಬರಲಿಲ್ಲ.

ಪೊಲೀಸ್ ಆಕ್ಷನ್ ಅಂದರೆ ನನಗೆ ಮೊದಲು ನೆನಪಾಗುವುದು ಒಂದು ವಿಮಾನದ ಸದ್ದು, ಮತ್ತು ಬೇವಿನ ಮರದಿಂದ ಕಾಗೆಗಳೆಲ್ಲ ಒಮ್ಮೆಗೇ ಎದ್ದದ್ದು. ಸೋಲಾಪುರದ ದಾರಿಯಿಂದ ಫೌಜು ಬಂತು ಅಂದರು. ನಿಜಾಮರು ಶರಣಾದರು ಅಂದರು. ಗಂಜಿನಲ್ಲಿ ಸಕ್ಕರೆ ಹಂಚಿದರು, ನಿಮ್ಮ ಮುತ್ಯಾ ಹೆಗಲ ಮೇಲಿನ ಸೆಲ್ಲೆಯ ತುದಿಯಲ್ಲಿ ಕಟ್ಟಿ ತಂದರು. ನಾನು ಅದನ್ನು ಬಾಯಿಗೆ ಹಾಕಿಕೊಂಡು ಅಂಗಳಕ್ಕೆ ಬಂದರೆ ಬಡೀಬಿಯ ಪರದೆ ಇಳಿದಿತ್ತು. ಸಕ್ಕರೆ ಬಾಯಲ್ಲಿ ಕರಗುವವರೆಗೂ ಅಲ್ಲೇ ನಿಂತೆ. ಅಷ್ಟು ದಿನ ನಮಗಿದ್ದ ಭಯ ಅಂಗಳ ದಾಟಿ ಅವರ ಕೋಣೆಗೆ ಹೋಗಿತ್ತು.

ಎರಡು ಮೂರು ದಿನ ಕಳೆದಿರಬೇಕು. ಮಧ್ಯಾಹ್ನ. ನಿಮ್ಮ ಮುತ್ಯಾ ಅಂಗಡಿಯಲ್ಲಿದ್ದರು. ಓಣಿಯ ತುದಿಯಲ್ಲಿ ಗಂಡಸರ ದನಿ ಕೇಳಿತು, ಕಲ್ಲಿನ ಮೇಲೆ ಕೋಲು ತಾಗಿಸಿಕೊಂಡು ಬರುವ ಸದ್ದು. ಬಾಗಿಲು ಬಡಿಯುತ್ತ, ಯಾರ ಮನೆ, ಒಳಗೆ ಯಾರು ಎಂದು ಕೇಳುತ್ತ ಬರುತ್ತಿದ್ದರು. ರಾಮುಲಮ್ಮ ತನ್ನ ಕೋಣೆಯ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಬಡೀಬಿ ಪರದೆಯ ಹಿಂದೆ ಒಂದು ಟ್ರಂಕಿನ ಮೇಲೆ ಕುಳಿತಿದ್ದರು.

ದೊಡ್ಡ ಬಾಗಿಲಿಗೆ ಯಾರು ಹೋಗಬೇಕು? ನಾನು ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಕಾಲು ಹೋದವು. ಅಗುಳಿ ತೆಗೆದು ಅರ್ಧ ಬಾಗಿಲು ತೆರೆದು, ತೆರೆದಲ್ಲಿ ನಾನೇ ನಿಂತೆ. ಐದಾರು ಜನ. ಪರ ಗಂಡಸರ ಮುಖ ನೋಡಿ ಮಾತಾಡಿದವಳಲ್ಲ ನಾನು.

“ಒಳಗ ಯಾರದಾರ?” ಒಬ್ಬ ಕೇಳಿದ.

“ನಾ.”

“ಮತ್ಯಾರು?”

“ನಾ,” ಅಂದೆ ಮತ್ತೆ.

“ಸಾಬರ ಮನಿ ಅಲ್ಲೇನು ಇದು?”

ಮೂರನೆಯ ಸಲವೂ ಬಾಯಿಗೆ ಅದೇ ಬಂತು. ಆದರೆ ಈ ಸಲ ಒಂದಿಷ್ಟು ಮುಂದಕ್ಕೆ ಹೋಯಿತು. “ನಾ ಇರೂ ಮನಿ,” ಅಂದೆ.

ಹಿಂದೆ ನಿಂತಿದ್ದ ವಯಸ್ಸಾದವನೊಬ್ಬ ತಲೆ ಎತ್ತಿದ. ಯಾವ ಕಡೆಯವಳು ಎಂದು ಕೇಳಿದ. ಕಮಲಾಪುರ ಅಂದೆ, ಹಳ್ಳದ ದಂಡೆಯ ಬಾಳೆತೋಟದವರ ಮಗಳು ಅಂದೆ. “ಮಾತಿನ್ಯಾಗೇ ತಿಳೀತು,” ಅಂದ. ಆಮೇಲೆ ಉಳಿದವರಿಗೆ, “ನಡೀರಪ್ಪೋ, ನಮ್ ಕಡೀ ಹೆಣಮಗಳದಾಳ,” ಅಂದ. ಹೋದರು. ಮುಂದಿನ ಓಣಿಯಲ್ಲಿ ಏನು ಮಾಡಿದರೋ ನನಗೆ ಗೊತ್ತಿಲ್ಲ. ಅದನ್ನು ತಿಳಿಯಲು ನಾನು ಎಂದೂ ಪ್ರಯತ್ನಿಸಲಿಲ್ಲ, ಅದರ ಭಾರ ನನ್ನ ಮೇಲೆ ಹಾಗೇ ಇದೆ.

ಬಾಗಿಲು ಹಾಕಿ ಅಗುಳಿ ಜಡಿದು ತಿರುಗಿದೆ. ಬಡೀಬಿ ಹೊರಗೆ ಬಂದು ನನ್ನನ್ನು ಬಾಜಿನ ಮೇಲೆ ಕೂಡಿಸಿ ಬೀಸಣಿಗೆಯಿಂದ ಗಾಳಿ ಹಾಕಿದರು. ಗಾಳಿ ಹಾಕುತ್ತಲೇ, ನೀನು ಅವರ ಮುಖಕ್ಕೆ ಮೂರು ಸಲ ‘ಇಲ್ಲ’ ಅಂದೆ, ನಾನು ಎಣಿಸಿದೆ ಅಂದರು. ನನ್ನ ‘ನಾ’ ಏನೆಂದು ಅವರಿಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಅವರ ಕಿವಿಗೆ ಅವರ ತಾಯಿಯ ಮಾತೇ ಕೇಳಿತ್ತು.

“ಕಾದಮ್ಮಾ,” ಅಂದಳು ರಾಮುಲಮ್ಮ, ಅದಲ್ಲವ್ವ ಎಂದು. ತನಗೆ ಕೇಳಿದ್ದು ಬೇರೆ ಅಂದಳು. ಒಳಗೆ ಯಾರು ಅಂದರೆ ನನ್ನವರು, ಯಾರ ಮನೆ ಅಂದರೆ ನನ್ನದು. ಬಾಡಿಗೆಯ ಕೋಣೆಯವಳು ಇಡೀ ಮನೆಗೇ ಯಜಮಾನತಿ ಆಗಿಬಿಟ್ಟಳಲ್ಲ ಎಂದು ನನ್ನ ಭುಜ ತಿವಿದಳು. ಬಡೀಬಿ ಅವತ್ತು ಮೊದಲ ಸಲ ನಕ್ಕರು. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು, ಅವಳು ಅಂದದ್ದು ಇದು, ಇಲ್ಲ ಅದು ಎಂದು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಆ ಹೊತ್ತಿಗೆ ಹೇಳಲು ಬರುತ್ತಿರಲಿಲ್ಲ. ನಾನು ಹೇಳಿದ್ದು ಒಂದು. ಆದರೆ ಆ ಬಾಗಿಲಲ್ಲಿ ನಿಂತವಳಿಗೆ ಮೂರೂ ಬೇಕಾಗಿದ್ದವು.

ಊರು ನಿಧಾನಕ್ಕೆ ಶಾಂತವಾಯಿತು. ಆದರೆ ಬಡೀಬಿಯ ಬಂಧುಗಳ ಮನೆಗಳಿಗೆ ಬೀಗ ಬಿದ್ದವು. ಕೆಲವರು ಹೈದರಾಬಾದಿಗೆ, ಕೆಲವರು ಇನ್ನೂ ದೂರಕ್ಕೆ ಹೋದರು. ಮಗ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಓಣಿಯಲ್ಲಿ ಮಾತಾಗುತ್ತಿತ್ತು. ಬಡೀಬಿ ಮಾತ್ರ, ನಾನೆಲ್ಲಿ ಹೋಗಲಿ, ಗಂಡನ ಗೋರಿ ಇಲ್ಲಿದೆ, ಬೇವು ಇಲ್ಲಿದೆ, ನೀನು ಇಲ್ಲಿದ್ದೀ ಅನ್ನುವರು. ನಾನು ಅದನ್ನೇ ನಂಬಿಕೊಂಡೆ. ಅವರಿಲ್ಲದ ಗುಲ್ಬರ್ಗಾ ನನಗೆ ಗೊತ್ತೇ ಇರಲಿಲ್ಲ. ಅವರು ಹೋದರೆ ನಾನು ಮತ್ತೆ ಮೊದಲ ದಿನದ ಹಾಗೆ ಕಲ್ಲಿನ ಊರಲ್ಲಿ ಒಬ್ಬಳೇ.

ಮಗ ಚಳಿಗಾಲದಲ್ಲಿ ಬಂದ. ಒಳ್ಳೆಯ ಮನುಷ್ಯ, ಸಣ್ಣ ದನಿಯವನು, ನಮ್ಮ ಕಡೆ ಕಣ್ಣೆತ್ತಿ ನೋಡಲಿಲ್ಲ. ಅಂಗಳದಲ್ಲಿ ತಾಯಿಯ ಎದುರು ಕುಳಿತು ಇಡೀ ಬೆಳಗ್ಗೆ ಮಾತಾಡಿದ. ತನಗೆ ನಿದ್ದೆ ಬರುತ್ತಿಲ್ಲ, ಪ್ರತಿ ಸಲ ಗುಲ್ಬರ್ಗಾದ ಸುದ್ದಿ ಬಂದಾಗ ಎದೆ ಹೊಡೆದುಕೊಳ್ಳುತ್ತದೆ ಅಂದ. ಬಡೀಬಿ ಬರುವುದಿಲ್ಲ ಅಂದರು. ಇಬ್ಬರ ದನಿಯೂ ಏರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ನಾನು ನಮ್ಮ ಕೋಣೆಯ ಬಾಗಿಲ ಮರೆಯಲ್ಲಿ ತೊಗರಿ ಆರಿಸುತ್ತ ಕುಳಿತಿದ್ದೆ. ಆಗ ಅವನು ಕೇಳಿದ.

“ಯಹಾಂ ತುಮ್ಕೋ ಕೌನ್ ದೇಖ್ತಾ, ಅಮ್ಮಾ?”

ಇಲ್ಲಿ ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ. ಬಡೀಬಿ ಬೇವಿನ ಕಡೆ ನೋಡಿದರು. ಪ್ರಶ್ನೆ ಅಂಗಳದಲ್ಲಿ ಹಾಗೇ ನಿಂತಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು. ನನಗೆ ಆ ಮಾತು ಗೊತ್ತಿತ್ತು. ಮೈಂ. ಮನಸ್ಸಿನಲ್ಲಿ ಎರಡು ಸಲ ಅಂದುಕೊಂಡೆ. ಮೊರ ಬದಿಗಿಟ್ಟು ಹೊಸ್ತಿಲಿಗೆ ಬಂದು ನಿಂತೆ. ಅವನು ತಲೆ ಎತ್ತಿದ. ಪರ ಗಂಡಸಿನ ಕಣ್ಣು ಕಂಡದ್ದೇ ಕಲಿತದ್ದೆಲ್ಲ ಹಾರಿಹೋಯಿತು. ಹುಟ್ಟಿದಾಗಿನಿಂದ ಬಾಯಲ್ಲಿದ್ದದ್ದೇ ಹೊರಗೆ ಬಂತು.

“ನಾ,” ಅಂದೆ.

ಅವನ ಮುಖ ಮೆತ್ತಗಾಯಿತು. ತಾಯಿಯ ಕಡೆ ತಿರುಗಿ, ನೋಡು, ಇವರೂ ಆಗುವುದಿಲ್ಲ ಅನ್ನುತ್ತಿದ್ದಾರೆ, ಅವರಿಗೂ ಸಂಸಾರ ಇದೆ ಎಂದು ಬಹಳ ಮರ್ಯಾದೆಯಿಂದ ಹೇಳಿದ. ನಾನು ಬಾಯಿ ತೆರೆದೆ. ಬಡೀಬಿ ಕೈ ಎತ್ತಿ ನನ್ನನ್ನು ತಡೆದರು.

ಅವರಿಗೆ ಗೊತ್ತಿತ್ತು. ಬಾವಿಕಟ್ಟೆಯ ಆ ದಿನದಿಂದ ಗೊತ್ತಿತ್ತು. ಅದಲ್ಲ ಮಗನೇ, ಅವಳ ಮಾತಿನಲ್ಲಿ ಅದು ಬೇರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದರು, ಅವನ ಕಣ್ಣ ಕೆಳಗಿನ ಕಪ್ಪನ್ನು. ಆಮೇಲೆ, ಟ್ರಂಕು ಭಾರವಿದೆ, ಯಾರನ್ನಾದರೂ ಕರೆ ಅಂದರು.

ಸಾಮಾನು ಟಾಂಗಾಕ್ಕೆ ಏರಿದ ಮೇಲೆ ನನ್ನನ್ನು ಪರದೆಯ ಒಳಗೆ ಕರೆದರು. ನಾನು ಅಳುತ್ತ, ಮೈಂ ಬೋಲೀ, ಮೈಂ ಬೋಲೀ ಎಂದೆ, ನಾನು ಅಂದದ್ದು ‘ಮೈಂ’ ಎಂದೇ ಎಂದು. ಈಗ ಆ ಮಾತು ಸಲೀಸಾಗಿ ಬರುತ್ತಿತ್ತು. ಅವರು ನನ್ನ ಎರಡೂ ಕೆನ್ನೆ ಹಿಡಿದರು.

“ತೂ ನಾ ಬೋಲೀ,” ಅಂದರು. “ಮೈಂ ಹೌ ಸುನೀ.”

ನೀನು ನಾ ಅಂದೆ, ನಾನು ಹೌದು ಎಂದು ಕೇಳಿಸಿಕೊಂಡೆ. ಅವರ ಮಾತಿನ ‘ಹೌ’ಗೂ ನಮ್ಮ ‘ಹೌದು’ಗೂ ಹೆಚ್ಚು ಅಂತರವಿಲ್ಲ. ಅದೊಂದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಮಗನಿಗೆ ನಾನೀಗ ಬೇಕು, ಈ ಮನೆಗೆ ಇಲ್ಲ ಅನ್ನಲು ನನಗೆ ಆಗುತ್ತಿರಲಿಲ್ಲ, ಅದನ್ನು ನನ್ನ ಪರವಾಗಿ ನೀನು ಅಂದೆ ಎಂದೂ ಹೇಳಿದರು. ಟಾಂಗಾದ ಪರದೆ ಇಳಿಯಿತು. ಜಗತ್ ಪೇಟೆಯ ಕಡೆ ತಿರುಗುವವರೆಗೆ ಗಾಲಿಯ ಸದ್ದು ಕೇಳುತ್ತಿತ್ತು.

ಅವರು ಮತ್ತೆ ಬರಲಿಲ್ಲ. ಮನೆ ನೋಡಿಕೊಂಡಿರಿ ಎಂದು ಮಗ ಹೇಳಿಕಳಿಸಿದ, ನಾವು ನೋಡಿಕೊಂಡೆವು. ಕೆಲವು ವರ್ಷದಲ್ಲಿ ರಾಮುಲಮ್ಮನ ಗಂಡನಿಗೆ ವರ್ಗವಾಯಿತು. ಬೋರ್ಡಿನ ಮೇಲಿನ ಅಕ್ಷರ ಎಡದಿಂದ ಬಲಕ್ಕೆ ತಿರುಗಿತು, ಹೈದರಾಬಾದ್ ರಾಜ್ಯ ಹೋಗಿ ನಾವು ಮೈಸೂರಿನವರಾದೆವು. ಈಗ ನಾನು ಬಜಾರಿನಲ್ಲಿ ಎಲ್ಲವನ್ನೂ ಓದಬಲ್ಲೆ. ನಿಮ್ಮ ಅಪ್ಪ ಹುಟ್ಟಿದ್ದು ಬಡೀಬಿಯ ಕೋಣೆಯಲ್ಲಿ, ಅಲ್ಲಿ ಮಾಳಿಗೆ ಸೋರುತ್ತಿರಲಿಲ್ಲ. ಅವನನ್ನು ತೂಗುವಾಗ ನಾನು ಅರ್ಧ ಉರ್ದುವಿನಲ್ಲಿ ಹಾಡುತ್ತಿದ್ದೆ. ಅದನ್ನು ಕೇಳಿ ತಪ್ಪು ತಿದ್ದುವವರು ಅಂಗಳದಲ್ಲಿ ಯಾರೂ ಇರಲಿಲ್ಲ.

ನಿಮ್ಮ ಮುತ್ಯಾ ಇರುವವರೆಗೆ ಪ್ರತಿ ಸುಗ್ಗಿಗೆ ಕೇಳುತ್ತಿದ್ದರು, ಮನೀಗಿ ಯಾವಾಗ ಹೋಗ್ತೀ ಎಂದು. ಕಮಲಾಪುರಕ್ಕೆ ಎಂದು ಅದರ ಅರ್ಥ. ಹೋಗಿ ನಾಲ್ಕು ದಿನವಾದ ಮೇಲೆ ನನ್ನ ತಮ್ಮ, ಬಾಳೆಗೊನೆ ಕಟ್ಟಿಸುತ್ತ, ಅದನ್ನೇ ಕೇಳುತ್ತಿದ್ದ, ಮನೀಗಿ ಯಾವಾಗ ಹೋಗ್ತಿ ಅಕ್ಕಾ ಎಂದು. ಗುಲ್ಬರ್ಗಾಕ್ಕೆ ಎಂದು ಅದರ ಅರ್ಥ. ಇಬ್ಬರದೂ ಕನ್ನಡವೇ, ಮಾತೂ ಒಂದೇ. ನಾನು ಎರಡೂ ಕಡೆ ‘ನಾಳಿಗಿ’ ಅನ್ನುತ್ತಿದ್ದೆ, ಎರಡೂ ಕಡೆ ಹೊರಡುವ ಮುಂದೆ ಹೊಸ್ತಿಲಲ್ಲಿ ಕುಳಿತು ಸ್ವಲ್ಪ ಹೊತ್ತು ತಡ ಮಾಡುತ್ತಿದ್ದೆ.